ಅಮ್ಮನಿಗೆ ಇನ್‌ಹೇಲರ್ ಕೊಟ್ಟು ಎರಡು ತಿಂಗಳಾಯ್ತು, ದಮ್ಮು ಕಮ್ಮಿ ಆಗ್ಲಿಲ್ಲ. ಮೊದಲು ರೋಟಾಹೇಲರ್ (ಪುಡಿ ಎಳೆಯುವ ಇನ್‌ಹೇಲರ್) ಇತ್ತು, ಈಗ ಒತ್ತುವ ಪಂಪ್. ಡಾಕ್ಟರನ್ನೇ ಬದಲಾಯಿಸ್ಬೇಕಾ?

ಬದಲಾಯಿಸುವ ಮೊದಲು ಒಂದು ಕೆಲಸ ಮಾಡಿ ಮಾರಾಯ್ರೆ. ನಾಳೆ ಬೆಳಿಗ್ಗೆ ಅಮ್ಮ ಪಂಪ್ ತಗೊಳ್ಳುವಾಗ ಎದುರು ಕೂತು ನೋಡಿ, ಎಂತ ಹೇಳ್ಬೇಡಿ, ಬರೀ ನೋಡಿ. ಒತ್ತಿದ ಕೂಡ್ಲೆ ಬಾಯಿಂದಲೋ ಮೂಗಿಂದಲೋ ಬಿಳಿ ಹೊಗೆ ಹಾಗೆ ಹೊರಗೆ ಬಂತಾ? ಬಂದ್ರೆ ಆ ಮದ್ದು ಎದೆಗೆ ಹೋಗ್ಲಿಲ್ಲ, ಚಾವಡಿಗೆ ಹೋಯ್ತು.

ಇದು ನಂದೇ ಕಥೆ. ಕಾಲೇಜಿಂದ ಅಸ್ತಮಾ ನಂಗೆ, ಕಟಪಾಡಿ ಹತ್ರ ಮನೆ, ಜೂನ್ ಬಂತು ಅಂದ್ರೆ ಗೋಡೆ ಬೆಲ್ಟು ಚಪ್ಪಲಿ ಎಲ್ಲಕ್ಕೂ ಬೂಸ್ಟು, ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆಮ್ಮುದು. ಸುಮಾರು ಒಂದೂವರೆ ವರ್ಷ ನಾನು ಪಂಪನ್ನು ನಾಲಿಗೆ ಮೇಲೆ ಹೊಡ್ಕೊಂಡಿದ್ದೆ, ಬೆಳಿಗ್ಗೆ ಎರಡು ರಾತ್ರಿ ಎರಡು, ಲೆಕ್ಕ ಮಾತ್ರ ಒಂದು ದಿನ ತಪ್ಪಲಿಲ್ಲ! ಕ್ಲಿನಿಕ್ಕಲ್ಲಿ ಯಾರೂ ತೋರಿಸಿರ್ಲಿಲ್ಲ, ಮೆಡಿಕಲಿನವ ಕವರಿಗೆ ಹಾಕಿ ಕೊಟ್ಟ, ನಾನೂ ಕೇಳ್ಲಿಲ್ಲ. ಮತ್ತೆ ಬೇರೆ ಕಡೆ ಹೋದಾಗ ಒಬ್ಬರು ನರ್ಸ್ "ಎಲ್ಲಿ, ತಗೊಂಡು ತೋರಿಸಿ ನೋಡುವ" ಅಂದ್ರು, ತೋರಿಸಿದೆ, ಪಾಪ ಅವ್ರಿಗೆ ನಗು ತಡಿಲಿಕ್ಕಾಗ್ಲಿಲ್ಲ. ಅದೇ ಮದ್ದು ಅದೇ ಡೋಸು ಸರಿಯಾಗಿ ತಗೊಂಡ ಮೇಲೆ ಮೂರು ವಾರದಲ್ಲಿ ರಾತ್ರಿ ಕೆಮ್ಮು ನಿಂತಿತು.

ನಿಮ್ಮ ಅಮ್ಮನಿಗೆ ಮೊದಲು ರೋಟಾಹೇಲರ್ ಇತ್ತು ಅಂದ್ರಲ್ಲ, ನಂಗೆ ಸಂಶಯ ಅಲ್ಲೇ. ರೋಟಾಹೇಲರಿನ ಪುಡಿ ತನ್ನಷ್ಟಕ್ಕೆ ಹಾರುದಿಲ್ಲ, ಬೊಂಡದ ತಳದ ನೀರನ್ನು ಸ್ಟ್ರಾದಲ್ಲಿ ಎಳೆದ ಹಾಗೆ ನಾವೇ ಜೋರು ಎಳಿಬೇಕು. ಪಂಪಿನಲ್ಲಿ ದೂಡ್ಲಿಕ್ಕೆ ಗ್ಯಾಸ್ ಉಂಟು, ಅಲ್ಲಿ ನಿಧಾನ ಎಳಿಬೇಕು, ಶಂಕರಪುರ ಮಲ್ಲಿಗೆ ಮೂಸುವಷ್ಟು ನಿಧಾನ, ಆದ್ರೆ ಬಾಯಲ್ಲಿ. ಪುಡಿ ಎಳೆದು ಅಭ್ಯಾಸ ಆದವರು ಪಂಪನ್ನೂ ಅದೇ ರಭಸದಲ್ಲಿ ಎಳಿತಾರೆ, ಮದ್ದು ಗಂಟಲಿನ ಹಿಂದಿನ ಗೋಡೆಗೆ ಬಡಿದು ಅಲ್ಲೇ ಕೂತ್ಕೊಳ್ತದೆ.

ಕ್ರಮ ಹೇಗೆ ಅಂದ್ರೆ ಮುಚ್ಚಳ ತೆಗೆದು ಚೆನ್ನಾಗಿ ಕುಲುಕಿ, ನೆಟ್ಟಗೆ ಕೂತು ಎದೆಯಲ್ಲಿದ್ದ ಗಾಳಿ ಆದಷ್ಟು ಹೊರಗೆ ಬಿಟ್ಟು, ಪಂಪಿನ ಬಾಯನ್ನು ಹಲ್ಲಿನ ನಡುವೆ ಇಟ್ಟು ತುಟಿ ಗಟ್ಟಿ ಮುಚ್ಚಿ, ಉಸಿರು ಎಳಿಲಿಕ್ಕೆ ಶುರು ಮಾಡಿದ ಆ ಕ್ಷಣಕ್ಕೆ ಒತ್ತಬೇಕು, ಒತ್ತಿದ ಮೇಲೂ ನಾಲ್ಕೈದು ಸೆಕೆಂಡ್ ಎಳಿತಾ ಇರ್ಬೇಕು, ಮತ್ತೆ ಉಸಿರು ಹಿಡಿದು ಹತ್ತರವರೆಗೆ ಲೆಕ್ಕ. ನನ್ನ ಅತ್ತೆ ತುಳುವಲ್ಲಿ ಒಂಜಿ ರಡ್ಡ್ ಮೂಜಿ ಅಂತ ಬೆರಳು ಮಡಚ್ತಾರೆ, ಶುರುವಿಗೆ ಎಕ್ಸ್‌ಪ್ರೆಸ್ ಬಸ್ಸಿನ ಸ್ಪೀಡಲ್ಲಿ ಮೂರೇ ಸೆಕೆಂಡಿಗೆ ಪತ್ತ್ ಮುಟ್ತಿದ್ರು, ಈಗ ಗೋಡೆ ಗಡಿಯಾರ ನೋಡ್ತಾರೆ. ಎರಡನೇ ಪಫ್ಫಿಗೆ ಅರ್ಧ ನಿಮಿಷವಾದ್ರೂ ಬಿಟ್ಟು ಪುನಃ ಕುಲುಕಿ.

ಒತ್ತುದು ಮತ್ತೆ ಎಳಿಯುದು ಒಟ್ಟಿಗೆ ಕೂಡಿ ಬರುದು ಪ್ರಾಯದವರಿಗೆ ಕಷ್ಟ, ಅದಕ್ಕೇ ಸ್ಪೇಸರ್ ಅಂತ ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಡಬ್ಬಿ ಸಿಗ್ತದೆ, ಒತ್ತಿದ ಮದ್ದು ಮೊದಲು ಅದರೊಳಗೆ ನಿಲ್ತದೆ, ಅಲ್ಲಿಂದ ನಿಧಾನ ಎಳಿಬಹುದು, ಕೇಳಿ ತಗೊಳ್ಳಿ. ಅದು ಮಕ್ಕಳಿಗೆ ಮಾತ್ರ ಅಂತ ಹೇಳುವವರ ಮಾತು ಕೇಳ್ಬೇಡಿ, ನನ್ನ ಪ್ರಕಾರ ಅರವತ್ತು ದಾಟಿದವರಿಗೆ ಸ್ಪೇಸರ್ ಇಲ್ಲದೆ ಪಂಪ್ ಕೊಡುದೇ ತಪ್ಪು. ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗ್ಲಿಕ್ಕೆ ಬಿಡಿ, ಬಟ್ಟೆಯಲ್ಲಿ ತಿಕ್ಕಿದ್ರೆ ಸ್ಟ್ಯಾಟಿಕ್ ಕರೆಂಟ್ ಹಿಡಿದು ಮದ್ದು ಡಬ್ಬಿಗೇ ಅಂಟ್ತದೆ.

ಇನ್ನೊಂದು, ಅಮ್ಮನ ಹತ್ರ ಇರುದು ಯಾವ ಪಂಪ್? ಸಾಲ್ಬುಟಮಾಲ್ ಆದ್ರೆ ಐದು ನಿಮಿಷದಲ್ಲಿ ದಮ್ಮು ಇಳಿತದೆ, ನಾಲ್ಕೈದು ಗಂಟೆ ಕಳೆದ ಮೇಲೆ ವಾಪಸ್. ಬುಡೆಸೊನೈಡ್ ತರದ ಸ್ಟಿರಾಯ್ಡ್ ಒಂದೇ ಇರುವ ಪಂಪ್ ಆದ್ರೆ ತಗೊಂಡ ಕೂಡ್ಲೆ ಏನೂ ಗೊತ್ತಾಗುದಿಲ್ಲ, ಒಳಗಿನ ಬಾವು ಇಳಿಲಿಕ್ಕೆ ದಿನ, ವಾರ ಬೇಕು, ಅದಕ್ಕೇ ಜನ "ಇದು ಪ್ರಯೋಜನ ಇಲ್ಲ" ಅಂತ ಮೂಲೆಗೆ ಹಾಕಿ ಸಾಲ್ಬುಟಮಾಲಿನ ನೀಲಿ ಪಂಪನ್ನೇ ದಿನಕ್ಕೆ ಹತ್ತು ಸಲ ಒತ್ತುದು. ಹಾಗೆ ಮಾಡ್ಬಾರ್ದು. 2019ರಿಂದ ಜೀನಾ ಅನ್ನುವ ಜಾಗತಿಕ ಅಸ್ತಮಾ ಮಾರ್ಗಸೂಚಿ ಕೂಡ ದೊಡ್ಡವರಿಗೆ ಬರೀ ಸಾಲ್ಬುಟಮಾಲ್ ಸಾಕಾಗುದಿಲ್ಲ ಅಂತಲೇ ಹೇಳುದು. ಸ್ಟಿರಾಯ್ಡ್ ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳ್ಬೇಕು, ಇಲ್ಲದಿದ್ರೆ ನಾಲಿಗೆ ಮೇಲೆ ಬಿಳಿ ಫಂಗಸ್ ಬರ್ತದೆ, ಸ್ವರ ಒಡಿತದೆ.

ಪಂಪ್ ಶುರು ಮಾಡಿದ್ರೆ ಅಭ್ಯಾಸ ಆಗ್ತದೆ, ಮಾತ್ರೆಯೇ ಒಳ್ಳೆದು ಅಂತ ನೆಂಟರು ಯಾರಾದ್ರೂ ಹೇಳಿಯೇ ಹೇಳ್ತಾರೆ. ಸಾಲ್ಬುಟಮಾಲ್ ಮಾತ್ರೆ 4 ಮಿಲಿಗ್ರಾಂ, ಅಂದ್ರೆ 4000 ಮೈಕ್ರೋಗ್ರಾಂ, ಪಂಪಿನ ಒಂದು ಪಫ್ 100 ಮೈಕ್ರೋಗ್ರಾಂ. ಎರಡು ಪಫ್ ತಗೊಂಡ್ರೂ ಮಾತ್ರೆಯ ಇಪ್ಪತ್ತರಲ್ಲಿ ಒಂದು ಪಾಲು, ಕೈ ನಡುಗುದು ಎದೆ ಹೊಡ್ಕೊಳ್ಳುದು ಯಾವುದರಲ್ಲಿ ಜಾಸ್ತಿ ಅಂತ ನೀವೇ ಲೆಕ್ಕ ಹಾಕಿ.

ಹಳೇ ರೋಟಾಕ್ಯಾಪ್, ಅಂದ್ರೆ ರೋಟಾಹೇಲರಿಗೆ ಹಾಕುವ ಪುಡಿಯ ಕ್ಯಾಪ್ಸೂಲ್, ಉಳಿದಿದ್ರೆ ನಮ್ಮೂರಿನ ಮಳೆಗಾಲದಲ್ಲಿ ಅದನ್ನು ನಂಬ್ಬೇಡಿ, ತೇವ ಹಿಡಿದು ಪುಡಿ ಗಂಟು ಕಟ್ತದೆ. ಅದನ್ನು ನೀರಲ್ಲಿ ನುಂಗುವವರೂ ಇದ್ದಾರೆ, ನಾನೇ ನೋಡಿದ್ದೇನೆ.

ಅಮ್ಮ ಬಚ್ಚಲೊಲೆಗೆ ಮಡಲು ಗೆರಟೆ ಹಾಕಿ ಹೊಗೆ ಕುಡಿದು ಬೆಳೆದವರಾದ್ರೆ ಇದು ಅಸ್ತಮಾವೋ ಸಿಒಪಿಡಿಯೋ (ಹೆಚ್ಚಾಗಿ ಹೊಗೆಯಿಂದ ಬರುವ, ಶ್ವಾಸನಾಳ ಕಾಯಂ ಕುಗ್ಗುವ ಕಾಯಿಲೆ) ಅಂತ ಊದುವ ಟೆಸ್ಟ್, ಸ್ಪೈರೋಮೆಟ್ರಿ, ಒಮ್ಮೆ ಮಾಡಿಸಿ. ಸಿಒಪಿಡಿ ಆದ್ರೆ ಪಂಪ್ ಅಸ್ತಮಾದಷ್ಟು ಪೂರ್ತಿ ಬಿಡಿಸುದಿಲ್ಲ, ಮೊದಲು ಆ ಒಲೆ ನಿಲ್ಲಿಸ್ಬೇಕು. ಮತ್ತೆ ದಮ್ಮು ಜೋರಾಗಿ ಒಂದು ವಾಕ್ಯ ಮುಗಿಸ್ಲಿಕ್ಕಾಗ್ತಿಲ್ಲ, ತುಟಿ ನೀಲಿ ಆಗ್ತಾ ಉಂಟು ಅಂತಾದ್ರೆ ನನ್ನ ಉತ್ತರ ಓದ್ತಾ ಕೂರ್ಬೇಡಿ, 108.

ಹಾ, ಎರಡು ತಿಂಗಳಿಂದ ಒಂದೇ ಪಂಪಾ? ದಿನಕ್ಕೆ ನಾಲ್ಕು ಪಫ್ ಆದ್ರೆ 120 ಡೋಸಿನದ್ದು 30 ದಿನಕ್ಕೆ ಮುಗಿತದೆ, 200ರದ್ದು 50 ದಿನಕ್ಕೆ. ಮುಗಿದ ಮೇಲೂ ಕೆಲವು ದಿನ ಪುಸ್ಸ್ ಅಂತ ಗ್ಯಾಸ್ ಮಾತ್ರ ಬರ್ತಾ ಇರ್ತದೆ. ಹಿಂದೆ ನಂಬರ್ ತೋರಿಸುವ ಕಿಂಡಿ ಉಂಟಾ ನೋಡಿ, ಇಲ್ಲದಿದ್ರೆ ಶುರು ಮಾಡಿದ ತಾರೀಕನ್ನು ಪೆನ್ನಲ್ಲಿ ಪಂಪಿನ ಮೇಲೆಯೇ ಬರೆದಿಡಿ.