ಬಿದರಿ ಪಾತ್ರೆ ಕಪ್ಪಾಗುವಾಗ ಅದರ ಮೇಲಿನ ಬೆಳ್ಳಿ ಮಾತ್ರ ಯಾಕೆ ಕಪ್ಪಾಗಲ್ಲ?

ಯಾಕೆಂದರೆ ಆ ಕಪ್ಪು ಹುಟ್ಟುವುದೇ ಪಾತ್ರೆಯ ಲೋಹದಿಂದ. ಬೆಳ್ಳಿಯಿಂದ ಅದು ಹುಟ್ಟಲ್ಲ.

ಬಿದರಿ ಲೋಹದಲ್ಲಿ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ತಂತಿ ಕೂರಿಸಿ ಉಜ್ಜಿದಾಗ ಎಲ್ಲವೂ ಬೆಳ್ಳಗೇ ಕಾಣುತ್ತದೆ, ಚಿತ್ತಾರ ಗೊತ್ತೇ ಆಗುವುದಿಲ್ಲ. ಆಮೇಲೆ ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್ ಉಪ್ಪು, ನೀರು ಬೆರೆಸಿ ಬಿಸಿ ಪಾತ್ರೆಗೆ ಹಚ್ಚುತ್ತಾರೆ. ನವಸಾಗರ ಮತ್ತು ಮಣ್ಣಿನಲ್ಲಿರುವ ಉಪ್ಪುಗಳು ಮೇಲ್ಮೈಯ ಸತುವನ್ನು ಕರಗಿಸುತ್ತವೆ. ಅಲ್ಲೇ ಉಳಿಯುವ ತಾಮ್ರದಿಂದ ತೆಳ್ಳನೆಯ ಕಪ್ಪು ಪದರ ಕಟ್ಟುತ್ತದೆ. ಬೆಳ್ಳಿ ಸತುವಿನಷ್ಟು ಸುಲಭವಾಗಿ ಕರಗುವ ಲೋಹವಲ್ಲ, ಹಾಗಾಗಿ ಹೊಳೆಯುತ್ತಲೇ ಇರುತ್ತದೆ. ತಾಮ್ರವಿಲ್ಲದ ಬರೀ ಸತುವಿಗೆ ಇಷ್ಟು ಒಳ್ಳೆ ಕಪ್ಪು ಬರುವುದಿಲ್ಲ. ನನಗೆ ಈ ಕಲೆಯಲ್ಲಿ ತುಂಬಾ ಬೆರಗು ಹುಟ್ಟಿಸುವುದು ಈ ಚೂರು ತಾಮ್ರವೇ!

ಮಣ್ಣನ್ನೂ ಸುಮ್ನೆ ಎಲ್ಲಿಂದಲೋ ತರುವುದಿಲ್ಲ. ಮಳೆ ಬಿಸಿಲು ಜಾಸ್ತಿ ತಾಗದ ಜಾಗದ್ದನ್ನು ಆರಿಸುತ್ತಾರೆ. ಅದರಲ್ಲಿ ಪೆಟ್ಲುಪ್ಪಿನಂಥ, ಅಂದರೆ ಪೊಟ್ಯಾಸಿಯಂ ನೈಟ್ರೇಟ್‌ನಂಥ, ಲವಣ ಉಳಿದಿರುತ್ತದೆ. ಚಿಟಿಕೆ ಮಣ್ಣು ನಾಲಿಗೆಗಿಟ್ಟು ರುಚಿಯಿಂದಲೇ ಪರೀಕ್ಷೆ ಮಾಡುವ ಕುಶಲಕರ್ಮಿಗಳಿದ್ದಾರೆ.