ಫೋಟೋ ನೋಡಿ ಬಿಡಿಸಿದ ಚಿತ್ರವನ್ನು ಮಾರಬಹುದೇ?

ಬೇರೆಯವರ ಫೋಟೋ ನೋಡಿ ಬಿಡಿಸಿದ ಚಿತ್ರವನ್ನು ಅಮೆರಿಕದಲ್ಲಿ ಮಾರಿದರೆ ಅದು ‘ಫೇರ್ ಯೂಸ್’ (ಮೂಲ ಕೃತಿಯ ಹಕ್ಕುದಾರರ ಅನುಮತಿಯಿಲ್ಲದೆಯೂ ಕಾನೂನು ಒಪ್ಪುವ ಬಳಕೆ) ಆಗುತ್ತದೆಯೇ ಎಂದು ಕೇಳಿದ್ದೀರಿ. ತಾನಾಗಿ ಆಗುವುದಿಲ್ಲ. ‘30 ಪರ್ಸೆಂಟ್ ಬದಲಿಸಿದರೆ ಸಾಕು’ ಅನ್ನುವುದು ಸುಮ್ನೆ ಹಬ್ಬಿದ ಮಾತು, ಕಾನೂನಿನಲ್ಲಿ ಅಂಥ ಲೆಕ್ಕವೇ ಇಲ್ಲ.

ಕೋರ್ಟು ನೋಡುವುದು ನಾಲ್ಕು ವಿಷಯ: ಬಳಕೆಯ ಉದ್ದೇಶ, ಮೂಲ ಕೃತಿಯ ಸ್ವರೂಪ, ಎಷ್ಟು ತೆಗೆದುಕೊಂಡಿರಿ, ಮೂಲದ ಮಾರುಕಟ್ಟೆಗೆ ಎಷ್ಟು ಪೆಟ್ಟು. ಮೊದಲನೆಯದೇ ಜಾಸ್ತಿ ತೊಡಕಿನದು. ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ಗಾಯಕ ಪ್ರಿನ್ಸ್ ಅವರ ಫೋಟೋ ತೆಗೆದಿದ್ದರು. ಅದನ್ನು ಆಧರಿಸಿ ಕಲಾವಿದ ಆಂಡಿ ವಾರ್ಹಾಲ್ ಮಾಡಿದ್ದ ಚಿತ್ರವೊಂದನ್ನು 2016ರಲ್ಲಿ ವಾರ್ಹಾಲ್ ಫೌಂಡೇಶನ್ ಪತ್ರಿಕೆಯೊಂದರ ಬಳಕೆಗೆ 10,000 ಡಾಲರ್‌ಗೆ ಕೊಟ್ಟಿತು. ಗೋಲ್ಡ್‌ಸ್ಮಿತ್ ಅವರಿಗೆ ಏನೂ ಸಿಗಲಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಈ ಮೊದಲ ಅಂಶದಲ್ಲಿ 7–2ರಿಂದ ಅವರ ಪರ ತೀರ್ಪು ಕೊಟ್ಟಿತು. ಶೈಲಿ ಬೇರೆಯಾದರೂ ಎರಡರ ಉಪಯೋಗ ಒಂದೇ, ಪ್ರಿನ್ಸ್ ಬಗೆಗಿನ ಪತ್ರಿಕೆಗೆ ಅವರ ಚಿತ್ರ ಒದಗಿಸುವುದು. ನನಗಂತೂ ಇದು ನ್ಯಾಯವೆನಿಸುತ್ತದೆ. ಬೆಳಕು, ಕೋನ, ಆ ಕ್ಷಣವನ್ನು ಆರಿಸಿದ್ದು ಫೋಟೋ ತೆಗೆದವರೇ ಅಲ್ವಾ?

ಹಕ್ಕಿಯ ರೆಕ್ಕೆ ಹೇಗಿರುತ್ತದೆ ಎಂದು ಹಲವು ಫೋಟೋ ನೋಡಿ ಕಲಿತು, ನಿಮ್ಮದೇ ಭಂಗಿಯಲ್ಲಿ ಬಿಡಿಸಿದರೆ ತೊಂದರೆಯಿಲ್ಲ. ಒಂದೇ ಫೋಟೋವನ್ನು ಹಾಗೇ ಚಿತ್ರವಾಗಿ ಬಿಡಿಸುವುದಾದರೆ ಮೊದಲೇ ಬರಹದಲ್ಲಿ ಅನುಮತಿ ಪಡೆಯಿರಿ. ಕೆಳಗೆ ಫೋಟೋ ತೆಗೆದವರ ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ.