ಗಂಡು ಯಾಕೆ ಸಾಯುತ್ತದೆ ಅಂತ ನೀವು ಹೇಳಲೇ ಇಲ್ಲ

ಹಾವೇರಿಯ ಗೆಳೆಯರಿಗೆ ನಮಸ್ಕಾರ.

ಹತ್ತಿ ಗಿಡದ ರಸ ಹೀರುವ ಹಿಟ್ಟು ತಿಗಣೆ ಎಂಬ ಕೀಟ ಮತ್ತು ಅದರೊಳಗಿನ ಬ್ಯಾಕ್ಟೀರಿಯಾಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಬರವಣಿಗೆ ಸರಾಗ. ಆದರೆ ಎರಡನೇ ಪುಟ ಓದಿ ನನಗೆ ಸಿಟ್ಟು ಬಂತು.

'ಬ್ಯಾಕ್ಟೀರಿಯಾಗಳಿಗೆ ಗಂಡು ಕೀಟ ಕಂಡರೆ ಆಗದು, ಅದಕ್ಕೇ ಕೊಲ್ಲುತ್ತವೆ' ಎಂದು ಬರೆದಿದ್ದೀರಿ. ಯಾಕೆ ಆಗದು? ಓದುವವರು ಕೇಳುವುದೇ ಅದನ್ನು. ವೊಲ್ಬಾಕಿಯಾದಂಥ ಬ್ಯಾಕ್ಟೀರಿಯಾ ತಾಯಿಯ ಮೊಟ್ಟೆಯೊಳಗೆ ಸೇರಿಕೊಂಡು ಮರಿಗೆ ದಾಟುತ್ತದೆ. ವೀರ್ಯಾಣುವಿನಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಗಂಡಿನೊಳಗೆ ಸಿಕ್ಕಿಕೊಂಡದ್ದರ ವಂಶ ಅಲ್ಲಿಗೇ ಮುಗಿಯಿತು. ಗಂಡು ಭ್ರೂಣದಲ್ಲೇ ಸತ್ತರೆ ಅದರ ಪಾಲಿನ ಮೇವು ಅಕ್ಕತಂಗಿಯರಿಗೆ ಉಳಿಯುತ್ತದೆ. ಅವರೊಳಗೂ ಅದೇ ಬ್ಯಾಕ್ಟೀರಿಯಾ ಇದೆ, ಅಲ್ವಾ? ಅದು ಬೆಳೆಯುತ್ತದೆ. ಇದರಲ್ಲಿ ದ್ವೇಷ ಎಲ್ಲಿ ಬಂತು?

ಮುಂದಿನ ಸಾಲು: 'ಪಾಪ, ಕೀಟ ಸುಮ್ನೆ ಸಹಿಸುತ್ತದೆ.' ಸಹಿಸುವುದಿಲ್ಲ. ನಮ್ಮ ಕಡೆಯೂ ಹಾರಾಡುವ ಒಂದು ಜಾತಿಯ ಚಿಟ್ಟೆ ಸಮೋವಾ ದ್ವೀಪಗಳಲ್ಲೂ ಇದೆ. ಗಂಡು ಕೊಲ್ಲುವ ವೊಲ್ಬಾಕಿಯಾದಿಂದಾಗಿ 2001ರಲ್ಲಿ ಅಲ್ಲಿ ನೂರಕ್ಕೆ ಒಂದು ಗಂಡಿತ್ತು. ಗಂಡು ಮರಿಯನ್ನು ಉಳಿಸುವ ಜೀನ್ ಹಬ್ಬಿತು. 2006ರ ಹೊತ್ತಿಗೆ ನೂರಕ್ಕೆ ಸುಮಾರು 40 ಗಂಡುಗಳಾದವು! ಐದೇ ವರ್ಷದಲ್ಲಿ. ಇಂಥ ಕಥೆ ಬಿಟ್ಟು 'ಪಾಪ' ಅಂದರೆ ಹೇಗೆ?

ನನಗೆ ಜಾಸ್ತಿ ನೋವಾದದ್ದು ಕೊನೆಯ ಸಾಲು: 'ಬ್ಯಾಕ್ಟೀರಿಯಾದಿಂದಲೇ ಗಂಡು ಹಿಟ್ಟು ತಿಗಣೆ ಅಪ್ಪನ ವರ್ಣತಂತು ಕಳೆದುಕೊಂಡಿತು.' ಈ ಗಂಡಿನಲ್ಲಿ ಅಪ್ಪನ ವರ್ಣತಂತುಗಳು, ಅಂದರೆ ಜೀನ್‌ಗಳನ್ನು ಹೊತ್ತ ಎಳೆಗಳು, ಮುದುಡಿ ಸುಮ್ಮನಿರುತ್ತವೆ, ಅದರ ಮಕ್ಕಳಿಗೆ ದಾಟುವುದಿಲ್ಲ. ಇದು ಸೂಕ್ಷ್ಮದರ್ಶಕದಲ್ಲಿ ಕಂಡ ಮಾತು. ಅದಕ್ಕೆ ಬ್ಯಾಕ್ಟೀರಿಯಾ ಕಾರಣ ಎಂಬುದು ಊಹೆ. ಗಿಡದ ರಸ ಹೀರಿ, ತಾಯಿಯಿಂದ ಬಂದ ಬ್ಯಾಕ್ಟೀರಿಯಾ ನಂಬಿ ಬದುಕುವ ಕೀಟಗಳಲ್ಲೇ ಇಂಥ ವಿಚಿತ್ರಗಳು ಹೆಚ್ಚು ಕಂಡದ್ದರಿಂದ ಹುಟ್ಟಿದ ಊಹೆ. ಒಳ್ಳೆಯ ಊಹೆಯೇ, ಆದರೆ ಇನ್ನೂ ಸಾಬೀತಾಗಿಲ್ಲ.

ಧಾರವಾಡದಲ್ಲಿ ನಾನು ಕರಡು ತಿದ್ದಲು ಕೂತಿದ್ದ ದಿನಗಳಲ್ಲಿ ನಮ್ಮ ಹಿರಿಯ ಸಂಪಾದಕರು ಕೃಷಿ ಲೇಖನಗಳನ್ನು ನನ್ನ ಮುಂದಿಡುತ್ತಿದ್ದರು. ಪ್ರತಿ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ 'ಕಂಡದ್ದು' ಅಥವಾ 'ಅಂದುಕೊಂಡದ್ದು' ಎಂದು ಬರೆಯಬೇಕು. ಬ್ಯಾಡಗಿ ಮೆಣಸಿನಕಾಯಿಯ ಥ್ರಿಪ್ಸ್ ಕೀಟದ ಬಗ್ಗೆ ಬಂದ ಒಂದು ಲೇಖನದಲ್ಲಿ 'ಕಂಡದ್ದು' ಸಿಕ್ಕಿದ್ದು ಒಂದೇ ಸಾಲು. 'ಇವರು ಹೊಲಕ್ಕ ಹೋಗೇ ಇಲ್ಲ ನೋಡು' ಅಂದು ಅದನ್ನು ವಾಪಸ್ ಕಳಿಸಿದರು. ಆ ಪೆನ್ಸಿಲ್ ಅಭ್ಯಾಸ ನನಗೆ ಇವತ್ತಿಗೂ ಬಿಟ್ಟಿಲ್ಲ.

ನಿಮ್ಮ ಎರಡನೇ ಪುಟಕ್ಕೂ ಗುರುತು ಹಾಕಿ ಕಳಿಸುತ್ತಿದ್ದೇನೆ. ಆ ಪುಟವನ್ನಷ್ಟೇ ಮತ್ತೆ ಬರೆಯಿರಿ. ದೀಪಾವಳಿಯೊಳಗೆ ಬಂದರೆ ಪ್ರಕಟಿಸುತ್ತೇನೆ.